ಐವತ್ತೈದು ದಾಟಿದ ಮೇಲೆ ತೂಕ ಇಳಿಸುವುದು: ಉತ್ಸಾಹ ಬತ್ತುವುದು ಎಲ್ಲಿ?

ತೂಕ ಇಳಿಸಲು ಹೊರಟವರು ಮೊದಲ ವಾರದಲ್ಲಿ ಕೈಬಿಡುವುದು ಕಡಿಮೆ. ಆಗ ಹುರುಪೂ ಇರುತ್ತದೆ, ತಕ್ಕಡಿಯ ಅಂಕಿಯೂ ಇಳಿಯುತ್ತಿರುತ್ತದೆ. ಕೈಬಿಡುವ ಹೊತ್ತು ಬರುವುದು ಹೆಚ್ಚಾಗಿ ಎರಡು ಸಲ: ಮೂರ್ನಾಲ್ಕನೇ ವಾರದಲ್ಲಿ ಒಮ್ಮೆ, ಆರೇಳು ತಿಂಗಳಾದಾಗ ಇನ್ನೊಮ್ಮೆ. ಆಗ ನಮಗೆ ನಾವೇ ಹೇಳಿಕೊಳ್ಳುವ ಮಾತು ನಿಮಗೆಲ್ಲ ಗೊತ್ತು. "ನನ್ನ ಮನಸ್ಸು ಗಟ್ಟಿ ಇಲ್ಲ." ಅದಲ್ಲದಿದ್ದರೆ, "ವಯಸ್ಸಾಯಿತು, ಇನ್ನು ಇಳಿಯಲ್ಲ ಬಿಡಿ." ಈ ಎರಡೂ ಮಾತನ್ನು ಇವತ್ತು ಸ್ವಲ್ಪ ಅಲುಗಾಡಿಸಿ ನೋಡೋಣ. ಐವತ್ತೈದು, ಅರವತ್ತರ ಆಸುಪಾಸಿನಲ್ಲಿ ಉತ್ಸಾಹ ಬತ್ತುವುದಕ್ಕೆ ಸೋಮಾರಿತನಕ್ಕಿಂತ ತಪ್ಪು ಲೆಕ್ಕವೇ ದೊಡ್ಡ ಕಾರಣ ಎಂಬುದು ನನ್ನ ವಾದ. ಪಟ್ಟ ಶ್ರಮಕ್ಕೆ ಫಲ ಬಂದಿರುತ್ತದೆ, ನಾವು ಬೇರೆ ಕಡೆ ನೋಡುತ್ತಿರುತ್ತೇವೆ.

ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡೋಣ. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 29 ದೇಶಗಳ 6,400ಕ್ಕೂ ಹೆಚ್ಚು ಜನ, ಎಂಟು ದಿನದ ಕೂಸಿನಿಂದ ಹಿಡಿದು 95 ವರ್ಷದವರವರೆಗೆ, ದಿನಕ್ಕೆ ಎಷ್ಟು ಶಕ್ತಿ ವ್ಯಯಿಸುತ್ತಾರೆ ಎಂಬ ಲೆಕ್ಕ. ದೇಹದ ಗಾತ್ರ, ಕೊಬ್ಬು, ಸ್ನಾಯುಗಳ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ, 20ರಿಂದ 60ರವರೆಗೆ ಆ ವ್ಯಯ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. 60ರ ನಂತರ ವರ್ಷಕ್ಕೆ ಸುಮಾರು ಶೇಕಡಾ 0.7ರಂತೆ ಇಳಿಯುತ್ತದೆ. ಅಂದರೆ ನಲವತ್ತೆಂಟಕ್ಕೇ ದೇಹದ ಒಲೆ ಆರಿಹೋಯಿತು ಎನ್ನುವುದಕ್ಕೆ ಆಧಾರವಿಲ್ಲ.

ಹಾಗಾದರೆ ತೂಕ ಏರಿದ್ದು ಯಾಕೆ? ಬಳಸದೆ ಬಿಟ್ಟ ಸ್ನಾಯು ಕರಗಿದೆ. ಓಡಾಟ ಕಡಿಮೆಯಾಗಿದೆ. ನಿದ್ದೆ ಕೆಟ್ಟಿದೆ. ಹೆಂಗಸರಿಗೆ ಮುಟ್ಟು ನಿಲ್ಲುವ ಹೊತ್ತಿನಲ್ಲಿ ತೊಡೆ, ಪೃಷ್ಠದಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ. ಇವುಗಳ ಜೊತೆಗೆ ಔಷಧಿ. ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಹಳೆಯ ಮಾತ್ರೆಗಳು, ಸ್ಟೆರಾಯ್ಡ್, ಕೆಲವು ಖಿನ್ನತೆ ಔಷಧಿಗಳು, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ರಕ್ತದೊತ್ತಡದ ಕೆಲವು ಬೀಟಾ ಬ್ಲಾಕರ್‌ಗಳು, ಇವೆಲ್ಲ ತೂಕ ಏರಿಸಬಲ್ಲವು. ಅದಕ್ಕೆ, ಹೊಸ ಪ್ರಯತ್ನ ಶುರುಮಾಡುವ ಮುಂಚೆ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ. "ಇದರಲ್ಲಿ ತೂಕ ಏರಿಸುವುದು ಯಾವುದು, ಬದಲಿ ಇದೆಯೇ?" ಎಂದು ನೇರವಾಗಿ ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಅಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದಾಗ ಶುಗರ್ ತೀರಾ ಕುಸಿಯಬಹುದು. ತೂಕ ಇಳಿದಂತೆ ಬಿಪಿ ಮಾತ್ರೆಯ ಡೋಸೂ ಅಗತ್ಯಕ್ಕಿಂತ ಹೆಚ್ಚಾಗಿಬಿಟ್ಟು, ಎದ್ದು ನಿಂತಾಗ ತಲೆ ತಿರುಗಬಹುದು. ಎರಡಕ್ಕೂ ಡೋಸ್ ಬದಲಿಸಿದರೆ ಸಾಕು, ಆದರೆ ಬದಲಿಸುವವರಿಗೆ ವಿಷಯ ಗೊತ್ತಿರಬೇಕಲ್ಲ.

ಈಗ ಮೂರನೇ ವಾರಕ್ಕೆ ಬರೋಣ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಒಂದಿಷ್ಟು ಸಕ್ಕರೆ ದಾಸ್ತಾನಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂತಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಈ ದಾಸ್ತಾನು ಖರ್ಚಾಗುತ್ತದೆ, ನೀರೂ ಹೊರಟುಹೋಗುತ್ತದೆ. ವಾರದಲ್ಲಿ ಒಂದೂವರೆ, ಎರಡು ಕಿಲೋ ಇಳಿದದ್ದು ಕಂಡು ನಾವು ಹಿಗ್ಗುತ್ತೇವೆ. ಅದರಲ್ಲಿ ಕೊಬ್ಬು ಸ್ವಲ್ಪವೇ. ಮೂರನೇ ವಾರಕ್ಕೆ ನೀರಿನ ಲೆಕ್ಕ ಮುಗಿದು ಕೊಬ್ಬಿನ ನಿಜವಾದ ವೇಗ ಕಾಣತೊಡಗುತ್ತದೆ: ವಾರಕ್ಕೆ ಕಾಲು ಕಿಲೋ, ಹೆಚ್ಚೆಂದರೆ ಅರ್ಧ ಕಿಲೋ. ಕೆಲಸ ಸರಿಯಾಗಿ ನಡೆಯುತ್ತಿರುವಾಗಲೇ "ನಿಂತುಹೋಯಿತು" ಎಂದು ತೋರುವುದು ಹೀಗೆ.

ಕಾಲು ಕಿಲೋವನ್ನು ತಕ್ಕಡಿಯಲ್ಲಿ ಹಿಡಿಯುವುದೂ ಸುಲಭವಲ್ಲ. ಉಪ್ಪು ಹೆಚ್ಚಿದ ಊಟ, ಮಲಬದ್ಧತೆ, ಹೊಸ ವ್ಯಾಯಾಮದಿಂದ ಸ್ನಾಯುಗಳಲ್ಲಿ ಬಂದ ಊತ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ದಿನದಿಂದ ದಿನಕ್ಕೆ ಒಂದೆರಡು ಕಿಲೋ ಮೇಲೆ ಕೆಳಗೆ ಆಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬರ ಒಂದು ವಾರದ ತೂಕ, ಸೋಮವಾರದಿಂದ: 81.6, 82.3, 81.9, 82.8, 82.1, 81.7, 82.0. ಮುಂದಿನ ವಾರ: 82.2, 81.5, 81.4, 82.6, 81.8, 81.3, 81.9. ಇವರು ಸೋಮವಾರ ಮಾತ್ರ ತೂಕ ನೋಡುವವರಾಗಿದ್ದರೆ 81.6 ಇದ್ದದ್ದು 82.2 ಆಗಿದೆ. ಏಳು ದಿನ ಬಾಯಿ ಕಟ್ಟಿದ್ದಕ್ಕೆ 600 ಗ್ರಾಂ ಏರಿಕೆ! ಅವತ್ತೇ ಡಯಟ್ ಬಿಟ್ಟುಬಿಡುತ್ತಾರೆ. ಏಳೂ ದಿನದ ಸರಾಸರಿ ತೆಗೆದರೆ ಮೊದಲ ವಾರ 82.1, ಎರಡನೇ ವಾರ 81.8. ತೂಕ ಇಳಿದಿದೆ.

ಮಾಡಬೇಕಾದದ್ದು ಇಷ್ಟೇ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಅಂಕಿ ಬರೆದಿಟ್ಟು ಮರೆತುಬಿಡಿ. ವಾರಕ್ಕೊಮ್ಮೆ ಸರಾಸರಿ ತೆಗೆಯಿರಿ. ಈ ವಾರದ ಸರಾಸರಿಯನ್ನು ಹೋಲಿಸಬೇಕಾದದ್ದು ನಾಲ್ಕು ವಾರದ ಹಿಂದಿನದಕ್ಕೆ. ನಿನ್ನೆಯದಕ್ಕೆ ಹೋಲಿಸಿದರೆ ಸುಮ್ಮನೆ ರಕ್ತದೊತ್ತಡ ಏರಿಸಿಕೊಳ್ಳುತ್ತೀರಿ. ಇನ್ನು ಕೆಲವರಿಗೆ ದಿನಾ ತಕ್ಕಡಿ ಹತ್ತಿದರೆ ಮನಸ್ಸು ಕದಡುತ್ತದೆ, ಹಿಂದೆ ಆಹಾರಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಇದ್ದಿರಬಹುದು. ಅಂಥವರು ಇದನ್ನು ಮಾಡಲೇಬಾರದು. ಅವರಿಗೆ ಬೇರೆ ಅಳತೆಗಳಿವೆ, ಮುಂದೆ ಹೇಳುತ್ತೇನೆ.

ಎರಡನೇ ಗಂಡಾಂತರ ಆರೇಳು ತಿಂಗಳಿನದು. ಇದನ್ನು ಅರ್ಥಮಾಡಿಕೊಳ್ಳಲು ಒಂದು ಹಳೆಯ ಸೂತ್ರವನ್ನು ಕೈಬಿಡಬೇಕು. ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಎಂದು ಭಾಗಿಸುತ್ತಾ ಹೋಗುವ ಲೆಕ್ಕ ಅದು. ಅದರ ಪ್ರಕಾರ ದಿನಕ್ಕೆ 240 ಕ್ಯಾಲೊರಿ ಕಡಿಮೆ ತಿಂದರೆ ವರ್ಷಕ್ಕೆ ಹನ್ನೊಂದು ಕಿಲೋ ಇಳಿಯಬೇಕು. ಇಳಿಯುವುದಿಲ್ಲ. ತೂಕ ಇಳಿದಂತೆ ಆ ಸಣ್ಣ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿಯುತ್ತದಲ್ಲ? ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೊಟ್ಟ ಅಂದಾಜು ಹೆಚ್ಚು ನಂಬುವಂಥದ್ದು: ಒಂದು ಕಿಲೋ ಇಳಿಸಿ ಹಾಗೇ ಉಳಿಸಿಕೊಳ್ಳಲು ದಿನಕ್ಕೆ 24 ಕ್ಯಾಲೊರಿ ಶಾಶ್ವತವಾಗಿ ಕಡಿಮೆ ಮಾಡಬೇಕು, ಅದರ ಅರ್ಧ ಫಲ ಸಿಗಲು ಸುಮಾರು ಒಂದು ವರ್ಷ, ಹೆಚ್ಚುಕಡಿಮೆ ಪೂರ್ತಿ ಸಿಗಲು ಮೂರು ವರ್ಷ. ಅದೇ 240 ಕ್ಯಾಲೊರಿಗೆ ಮೊದಲ ವರ್ಷ ಐದು ಕಿಲೋ. ಹನ್ನೊಂದು ನಿರೀಕ್ಷಿಸಿದವರಿಗೆ ಐದು ಸೋಲು. ಐದು ನಿರೀಕ್ಷಿಸಿದವರಿಗೆ ಅದೇ ಐದು ಗೆಲುವು. ಇಬ್ಬರೂ ಮಾಡಿದ ಕೆಲಸದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಹಸಿವಿನ ಲೆಕ್ಕ ಇನ್ನೂ ಕಠಿಣ. ಇಳಿದ ಪ್ರತಿ ಕಿಲೋಗೆ ದೇಹದ ವ್ಯಯ ದಿನಕ್ಕೆ 20ರಿಂದ 30 ಕ್ಯಾಲೊರಿ ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ ಎಂಬ ಅಂದಾಜು 2016ರಲ್ಲಿ ಹಾಲ್ ಅವರ ತಂಡದಿಂದಲೇ ಬಂತು. ಆರು ಕಿಲೋ ಇಳಿಸಿದವರಿಗೆ ಮೊದಲಿಗಿಂತ 600 ಕ್ಯಾಲೊರಿ ಹೆಚ್ಚು ತಿನ್ನು ಎಂದು ದೇಹ ಒಳಗಿನಿಂದ ತಳ್ಳುತ್ತಿರುತ್ತದೆ. ಆರನೇ ತಿಂಗಳಿನಲ್ಲಿ ತುತ್ತಿನ ಗಾತ್ರ ಗೊತ್ತಾಗದಂತೆ ಬೆಳೆಯುವುದು ಇದೇ ಕಾರಣಕ್ಕೆ. ತಿನ್ನುವುದು ಮೊದಲಿನಷ್ಟೇ ಎಂದು ಪ್ರಾಮಾಣಿಕವಾಗಿ ನಂಬಿರುತ್ತೇವೆ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, "ಎಷ್ಟೇ ಕಡಿಮೆ ತಿಂದರೂ ಇಳಿಯುತ್ತಿಲ್ಲ" ಎನ್ನುತ್ತಿದ್ದವರನ್ನು ಅಳತೆಗೆ ಒಳಪಡಿಸಿದಾಗ, ಅವರು ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆ ಬರೆದಿದ್ದರು. ಅವರು ಸುಳ್ಳು ಹೇಳುತ್ತಿದ್ದರು ಎಂದು ಭಾವಿಸಬೇಡಿ. ಕಣ್ಣಂದಾಜು ಎಲ್ಲರಿಗೂ ಹೀಗೇ ಕೈಕೊಡುತ್ತದೆ.

ಹೀಗಾಗಿ ತೂಕ ನಾಲ್ಕು ವಾರ ನಿಂತರೆ ಮನಸ್ಸನ್ನು ಬೈಯುವ ಬದಲು ಎರಡು ವಾರ ಅಳೆದು ಬರೆಯಿರಿ. ಅಡುಗೆಮನೆಯ ಸಣ್ಣ ತಕ್ಕಡಿ ಸಾಕು. ಮುಖ್ಯವಾಗಿ ನೋಡಬೇಕಾದದ್ದು ಎಣ್ಣೆ, ಬೀಜಗಳು, ಸಿಹಿ ಪಾನೀಯ, ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು. ಒಂದು ಚಮಚ ಎಣ್ಣೆ, ಅಂದರೆ 15 ಮಿಲಿ, ಸುಮಾರು 120 ಕ್ಯಾಲೊರಿ. ಸೌಟಿನಿಂದ ಕೈಯಂದಾಜಿಗೆ ಸುರಿಯುವ ಮನೆಯಲ್ಲಿ ಇದೊಂದೇ ಇಡೀ ದಿನದ ಉಳಿತಾಯವನ್ನು ನುಂಗಿಹಾಕಬಲ್ಲದು.

ಗುರಿಯ ಬಗ್ಗೆ ಒಂದು ಮಾತು. 1997ರಲ್ಲಿ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು ಚಿಕಿತ್ಸೆಗೆ ಬಂದಿದ್ದ 60 ಮಹಿಳೆಯರನ್ನು ಎಷ್ಟು ಇಳಿಯಬೇಕೆಂದು ಕೇಳಿದರು. ಅವರ ಗುರಿ ದೇಹತೂಕದ ಶೇಕಡಾ 32ರಷ್ಟಿತ್ತು. 17 ಕಿಲೋ ಇಳಿದರೂ ನಿರಾಸೆಯೇ ಎಂದಿದ್ದರು. 48 ವಾರದ ಕೊನೆಗೆ ಸರಾಸರಿ ಇಳಿದದ್ದು 16 ಕಿಲೋ. ಯಾವ ಚಿಕಿತ್ಸೆಗಾದರೂ ಹೆಮ್ಮೆ ತರುವ ಅಂಕಿ ಅದು, ಆದರೂ ಅವರ ಎಣಿಕೆಯಲ್ಲಿ ನಿರಾಸೆಗಿಂತ ಕೆಳಗೆ! ಇದರ ಪಕ್ಕದಲ್ಲಿ 2002ರಲ್ಲಿ ಫಲಿತಾಂಶ ಹೊರಬಂದ, 3,234 ಜನರ ಮಧುಮೇಹ ತಡೆ ಅಧ್ಯಯನವನ್ನು ಇಡಿ. ಅಲ್ಲಿ ಗುರಿ ಶೇಕಡಾ 7 ತೂಕ ಇಳಿಕೆ, ವಾರಕ್ಕೆ 150 ನಿಮಿಷ ಚಟುವಟಿಕೆ, ಅಷ್ಟೆ. ಮಧುಮೇಹ ಬರುವ ಸಾಧ್ಯತೆ ಶೇಕಡಾ 58ರಷ್ಟು ಇಳಿಯಿತು. 60 ದಾಟಿದವರಲ್ಲಿ ಅದು ಶೇಕಡಾ 71. ಹೌದು, ಕಿರಿಯರಿಗಿಂತ ಹಿರಿಯರಿಗೇ ಹೆಚ್ಚು ಲಾಭವಾಯಿತು. "ಇನ್ನು ಈ ವಯಸ್ಸಿಗೆ ಯಾಕೆ" ಎನ್ನುವವರಿಗೆ ನಾನು ಕೊಡುವ ಉತ್ತರ ಈ ಒಂದು ಸಂಖ್ಯೆ. 82 ಕಿಲೋ ಇರುವವರಿಗೆ ಶೇಕಡಾ 7 ಎಂದರೆ ಆರು ಕಿಲೋಗಿಂತ ಸ್ವಲ್ಪ ಕಡಿಮೆ. ಮೊದಲ ಗುರಿ ಅಲ್ಲಿಗೇ ನಿಲ್ಲಲಿ. ಮದುವೆಯಾದಾಗ ಇದ್ದ ತೂಕವನ್ನು ಗುರಿ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ.

ತಕ್ಕಡಿಯಾಚೆಗಿನ ಅಳತೆಗಳು ಎಂದೆನಲ್ಲ, ಮೂರು ಸಾಕು.

ಸೊಂಟದ ಸುತ್ತಳತೆ ಮೊದಲನೆಯದು. ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯುವುದು ತಪ್ಪು, ಹೊಟ್ಟೆ ಬೆಳೆದಂತೆ ಪ್ಯಾಂಟು ಕೆಳಗೆ ಜಾರುತ್ತಾ ಹೋಗಿರುತ್ತದೆ. ಕೊನೆಯ ಪಕ್ಕೆಲುಬಿನ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯ ಟೇಪ್ ಇಡಿ. ಬರಿಮೈ ಮೇಲೆ, ಸಹಜವಾಗಿ ಉಸಿರು ಬಿಟ್ಟಾಗ, ಬಿಗಿಯದೆ. ನಾಲ್ಕು ವಾರಕ್ಕೊಮ್ಮೆ ಸಾಕು. ಅದು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ಸುಲಭದ ಅಳತೆಗೋಲು. ವ್ಯಾಯಾಮ ಮಾಡುವವರಲ್ಲಿ ತೂಕ ಅಲ್ಲೇ ಇದ್ದು ಸೊಂಟ ಇಳಿಯುವುದುಂಟು. ಎರಡನೆಯದು ಕುರ್ಚಿ. ಚಕ್ರವಿಲ್ಲದ, ಕೈಯಿಲ್ಲದ, ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64ರ ಗಂಡಸರಲ್ಲಿ 14ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ಅದು ಸರಾಸರಿಗಿಂತ ಕೆಳಗೆ. ಈ ಸಂಖ್ಯೆ ತಿಂಗಳಲ್ಲೇ ಮೇಲೇರಬಲ್ಲದು, ತೂಕದ ಹಾಗೆ ಸತಾಯಿಸುವುದಿಲ್ಲ. ಮೂರನೆಯದು ಮಂಡಿ. ಮಂಡಿ ಸವೆತ ಇರುವ ಹಿರಿಯರಲ್ಲಿ ಅಳೆದಾಗ, ಇಳಿದ ಒಂದು ಕಿಲೋಗೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿದಿತ್ತು. ಮೂರು ಕಿಲೋ ಇಳಿದದ್ದು ಕನ್ನಡಿಯಲ್ಲಿ ಯಾರಿಗೂ ಕಾಣದು. ನಡೆಯುವಾಗ ಮಂಡಿಗೆ ಪ್ರತಿ ಹೆಜ್ಜೆಗೂ ಹನ್ನೆರಡು ಕಿಲೋ ಹಗುರವಾಗಿರುತ್ತದೆ. ಮೆಟ್ಟಿಲು ಹತ್ತುವಾಗಿನ ಮಂಡಿನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಬರೆದಿಡಿ.

ಇಲ್ಲಿ ಸ್ನಾಯುವಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಈ ವಯಸ್ಸಿನಲ್ಲಿ ಬರೀ ಊಟ ಕಡಿಮೆ ಮಾಡಿ ಇಳಿಸಿದರೆ, ಇಳಿದ ತೂಕದಲ್ಲಿ ಕಾಲು ಭಾಗದಷ್ಟು ಸ್ನಾಯು ಮತ್ತಿತರ ಕೊಬ್ಬಲ್ಲದ ಭಾಗವೇ ಇರಬಹುದು. ಆಯಾಸ ಹೆಚ್ಚುತ್ತದೆ, ಆಯಾಸವಾದಾಗ ಓಡಾಟ ನಿಲ್ಲುತ್ತದೆ. ಉತ್ಸಾಹ ಹೋಯಿತು ಎನ್ನುವವರಲ್ಲಿ ಕೆಲವರಿಗೆ ನಿಜವಾಗಿ ಹೋಗಿರುವುದು ತೊಡೆಯ ಬಲ. ಅದಕ್ಕೆ ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಡುವು ಕೊಟ್ಟು, ಬಲದ ವ್ಯಾಯಾಮ ಮಾಡಿ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ರಬ್ಬರ್ ಪಟ್ಟಿ ಎದೆಯ ಕಡೆಗೆ ಎಳೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಒಂದೊಂದನ್ನೂ 8ರಿಂದ 12 ಸಲ, ಎರಡು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು. 12 ಸಲೀಸಾಗತೊಡಗಿತೋ, ಕುರ್ಚಿ ತಗ್ಗಿಸಿ, ಪಟ್ಟಿ ಬಿಗಿ ಮಾಡಿ. ಉಸಿರು ಕಟ್ಟಿ ಎತ್ತಬೇಡಿ, ಬಿಪಿ ಏರುತ್ತದೆ.

ಇದರಲ್ಲಿ ಎಡವಟ್ಟಾಗುವುದು ಹೀಗೆ: ಮೊದಲ ದಿನದ ಹುರುಪಿನಲ್ಲಿ ದಿನಕ್ಕೊಂದು ಗಂಟೆ ನಡಿಗೆ, ಮೇಲೆ ಐವತ್ತು ಬಸ್ಕಿ. ಉಸಿರಾಟ ಬೇಗ ಒಗ್ಗಿಕೊಳ್ಳುತ್ತದೆ, ಸ್ನಾಯುರಜ್ಜು ಮತ್ತು ಕೀಲುಗಳು ಒಗ್ಗಲು ತಿಂಗಳುಗಟ್ಟಲೆ ಬೇಕು. ಕೆಲವೇ ವಾರಗಳಲ್ಲಿ ಹಿಮ್ಮಡಿ ಅಥವಾ ಮಂಡಿ ಹಿಡಿಯುತ್ತದೆ. ಒಂದು ತಿಂಗಳು ವಿಶ್ರಾಂತಿ, ಅಲ್ಲಿಗೆ ಕತೆ ಮುಗಿಯಿತು. ನಿಯಮ ಇಷ್ಟಿರಲಿ: ಮಾಡುವಾಗ ಬರುವ ಸಣ್ಣ ನೋವು ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಬಂದರೆ ಮುಂದುವರಿಸಿ. ಬೆಳಿಗ್ಗೆ ಹೆಚ್ಚಾಗಿದ್ದರೆ ಮುಂದಿನ ಸಲ ಅರ್ಧ ಮಾಡಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಎದೆನೋವು, ಅಸಹಜ ಏದುಸಿರು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಪ್ರೋಟೀನ್ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಲೆಕ್ಕ ಅನ್ವಯಿಸದು, ವೈದ್ಯರನ್ನು ಕೇಳಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಬೆಂದ 100 ಗ್ರಾಂ ಬೇಳೆಯಲ್ಲಿ ಸುಮಾರು 9 ಗ್ರಾಂ. ಬೆಳಗಿನ ತಿಂಡಿಯಲ್ಲೇ ಇದು ಕಡಿಮೆ ಬೀಳುವುದು ಹೆಚ್ಚು, ಅದರ ಪರಿಣಾಮವಾಗಿ ಹನ್ನೊಂದು ಗಂಟೆಗೇ ಹೊಟ್ಟೆ ಚುರುಗುಟ್ಟುತ್ತದೆ.

ಕೈಗಡಿಯಾರ ತೋರಿಸುವ "ಕರಗಿಸಿದ ಕ್ಯಾಲೊರಿ" ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹೆಜ್ಜೆ ಎಣಿಸಲು ಅದು ಪರವಾಗಿಲ್ಲ. ಕ್ಯಾಲೊರಿ ಸಂಖ್ಯೆಯನ್ನು ನಂಬಿ "300 ಕರಗಿಸಿದೆ, 300 ತಿನ್ನಬಹುದು" ಎಂದು ಹೊರಟರೆ ತೂಕ ಇಳಿಯುವುದಿಲ್ಲ. ಆ ಪರದೆಯನ್ನು ಮುಚ್ಚಿಡುವುದೇ ವಾಸಿ.

ಇನ್ನು ದಿನನಿತ್ಯದ ಮಾತು. ಮನಸ್ಸಿಲ್ಲದ ದಿನವೂ ನಡೆಯುವಂಥ ಏರ್ಪಾಡು ಬೇಕು, ಮನಸ್ಸು ಬರಲಿ ಎಂದು ಕಾದರೆ ಆಗದು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ತೋರಿಸಿಕೊಟ್ಟ ವಿಧಾನ ಬಹಳ ಸರಳ: "ಹೀಗಾದರೆ ಹಾಗೆ ಮಾಡುತ್ತೇನೆ" ಎಂದು ಮುಂಚೆಯೇ ನಿರ್ಧರಿಸಿ ಬರೆದಿಡುವುದು. "ಇನ್ನು ಮೇಲೆ ಹೆಚ್ಚು ನಡೆಯುತ್ತೇನೆ" ಎಂದು ಬರೆದರೆ ಕೆಲಸಕ್ಕೆ ಬಾರದು. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಚಪ್ಪಲಿ ಮೆಟ್ಟಿ ಹತ್ತು ನಿಮಿಷ ನಡೆಯುತ್ತೇನೆ." "ಮಳೆ ಬಂದರೆ ಮನೆಯೊಳಗೇ ಎರಡು ಸುತ್ತು ಕುರ್ಚಿ ವ್ಯಾಯಾಮ." "ಎರಡನೇ ಸಲ ಬಡಿಸಲು ಬಂದರೆ, 'ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ' ಎನ್ನುತ್ತೇನೆ." ಹೊತ್ತು, ಜಾಗ, ಕೆಲಸ, ಮೂರೂ ಖಚಿತವಾಗಿರಬೇಕು. ಪ್ರತಿಯೊಂದಕ್ಕೂ ಒಂದು ಬಡ ರೂಪವನ್ನೂ ಇಟ್ಟುಕೊಳ್ಳಿ. ಜ್ವರ ಬಿಟ್ಟ ಮರುದಿನ, ಪ್ರಯಾಣದ ದಿನ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ದಿನ ಐದೇ ಸಲ ಕುರ್ಚಿಯಿಂದ ಎದ್ದು ಕೂತರೂ ಅವತ್ತಿನ ಲೆಕ್ಕಕ್ಕೆ ಗುರುತು ಹಾಕಿ.

ಇದು ರೂಢಿಯಾಗಲು ಎಷ್ಟು ದಿನ ಬೇಕು? 21 ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ನಡೆಸಿದ ಅಧ್ಯಯನದಲ್ಲಿ ನಡುಮಧ್ಯದ ಅಂಕಿ 66 ದಿನ, ವ್ಯತ್ಯಾಸ 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ ಎಂಬುದೂ ಅದರಲ್ಲೇ ಇದೆ.

ನಮ್ಮಲ್ಲಿ ಬಹಳ ಜನ ಹಾಳಾಗುವುದು ಆ ಒಂದು ದಿನದಿಂದಲೇ. ಮಧ್ಯಾಹ್ನ ಒಂದು ಸಮಾರಂಭದಲ್ಲಿ ಗಡದ್ದಾಗಿ ಊಟವಾಯಿತು. ಸಂಜೆಗೆ "ಮುಳುಗಿದವನಿಗೆ ಚಳಿಯೇನು, ಮಳೆಯೇನು" ಎಂದು ಇನ್ನೊಂದಿಷ್ಟು. ಸೋಮವಾರದಿಂದ ಹೊಸದಾಗಿ ಶುರು ಎಂದುಕೊಂಡು ಶನಿವಾರ, ಭಾನುವಾರವೂ ಅಷ್ಟೇ. ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಎಂಬ ಸಂಶೋಧಕರು ಡಯಟ್ ಮಾಡುವವರಲ್ಲಿ ಈ ವರ್ತನೆಯನ್ನೇ ವರ್ಷಗಟ್ಟಲೆ ಅಭ್ಯಸಿಸಿದರು. ಲೆಕ್ಕ ಹಾಕಿ ನೋಡಿ: ಆ ಊಟದಲ್ಲಿ 1,000 ಕ್ಯಾಲೊರಿ ಹೆಚ್ಚಾಯಿತು ಎಂದೇ ಇಟ್ಟುಕೊಳ್ಳಿ, ಅಷ್ಟೂ ಕೊಬ್ಬಾದರೂ 130 ಗ್ರಾಂ. ಮರುದಿನ ತಕ್ಕಡಿ ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ. ಉಳಿದದ್ದೆಲ್ಲ ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿರುವ ಊಟ. ಮೂರ್ನಾಲ್ಕು ದಿನದಲ್ಲಿ ಅದು ಹೋಗುತ್ತದೆ. ಮುಂದಿನ ಊಟವನ್ನು ಎಂದಿನಂತೆ ಮಾಡಿ. ಪ್ರಾಯಶ್ಚಿತ್ತದ ಉಪವಾಸ ಮಾಡಿದರೆ ರಾತ್ರಿ ಅಡುಗೆಮನೆಯ ಡಬ್ಬಗಳೆಲ್ಲ ಕೆಳಗಿಳಿಯುತ್ತವೆ.

ನಿದ್ದೆಯ ವಿಷಯ ಚುಟುಕಾಗಿ. ಒಂದೇ ಅಳತೆಯ ಊಟವನ್ನು ಎರಡು ವಾರ ಕೊಟ್ಟು, ಹಾಸಿಗೆಯಲ್ಲಿ ಎಂಟೂವರೆ ಗಂಟೆ ಮತ್ತು ಐದೂವರೆ ಗಂಟೆ ಕಳೆದಾಗ ಹೋಲಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ನಿದ್ದೆ ಕಡಿಮೆಯಾದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕೆಳಗಿಳಿದಿತ್ತು. ಗಟ್ಟಿ ಗೊರಕೆ, ಹಗಲು ತೂಕಡಿಕೆ ಇದ್ದರೆ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಪರೀಕ್ಷೆ ಮಾಡಿಸಿ.

ಐದಾರು ಕಿಲೋ ಇಳಿದಾಗ ಸುತ್ತಲಿನವರು "ಯಾಕೆ ಹೀಗೆ ಸೊರಗಿದ್ದೀರಿ, ಹುಷಾರಿಲ್ಲವೇ?" ಎಂದು ಕೇಳಲು ಶುರುಮಾಡುತ್ತಾರೆ. ಹೊಗಳಿಕೆ ನಿರೀಕ್ಷಿಸಿದ್ದವರಿಗೆ ಇದು ಚುಚ್ಚುತ್ತದೆ. ಮುಖದ ಕೊಬ್ಬು ಇಳಿದಾಗ ಈ ವಯಸ್ಸಿನ ಚರ್ಮ ಬೇಗ ಬಿಗಿಯಾಗುವುದಿಲ್ಲ, ಅಷ್ಟೇ ವಿಷಯ. "ಬೇಕೆಂದೇ ಇಳಿಸುತ್ತಿದ್ದೇನೆ, ಮಂಡಿ ನೋವು ಕಡಿಮೆಯಾಗಿದೆ" ಎಂಬ ಒಂದು ವಾಕ್ಯ ಸಿದ್ಧವಿಟ್ಟುಕೊಳ್ಳಿ. ಆದರೆ ಪ್ರಯತ್ನವನ್ನೇ ಮಾಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇಕಡಾ 5ರಷ್ಟು ಇಳಿದಿದ್ದರೆ ಖುಷಿಪಡಬೇಡಿ, ಪರೀಕ್ಷೆ ಮಾಡಿಸಿಕೊಳ್ಳಿ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು.

ಇಳಿಸಿದ್ದನ್ನು ಉಳಿಸಿಕೊಳ್ಳುವುದು ಬೇರೆಯದೇ ಕೆಲಸ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳಿಗೂ ಈ ಮಾತು ಅನ್ವಯಿಸುತ್ತದೆ: ಅವುಗಳಲ್ಲೊಂದಾದ ಸೆಮಗ್ಲುಟೈಡ್‌ನ ಪ್ರಯೋಗದಲ್ಲಿ 68 ವಾರದಲ್ಲಿ ಸರಾಸರಿ ಶೇಕಡಾ 15ರಷ್ಟು ಇಳಿಯಿತು, ನಿಲ್ಲಿಸಿದ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗ ಮರಳಿತು. ಉಳಿಸಿಕೊಳ್ಳುವ ಹಂತದಲ್ಲಿ ತಕ್ಕಡಿಯ ಅಂಕಿ ಇಳಿಯುವುದಿಲ್ಲ, ಯಾರೂ ಬೆನ್ನು ತಟ್ಟುವುದಿಲ್ಲ. ಅಮೆರಿಕದಲ್ಲಿ 1994ರಿಂದ ನಡೆದ ಒಂದು ನೋಂದಣಿಯಲ್ಲಿ, ಸುಮಾರು 14 ಕಿಲೋ ಇಳಿಸಿ ವರ್ಷವಾದರೂ ಉಳಿಸಿಕೊಂಡವರನ್ನು ಗಮನಿಸಿದಾಗ, ನಾಲ್ಕರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಿದ್ದರು. ಆ ಅಭ್ಯಾಸಕ್ಕೆ ಒಂದು ಗಡಿ ಸೇರಿಸಿಕೊಳ್ಳಿ. ನಿಂತ ತೂಕಕ್ಕಿಂತ ಎರಡು ಕಿಲೋ ಮೇಲೆ ಒಂದು ಗೆರೆ ಎಳೆಯಿರಿ. ವಾರದ ಸರಾಸರಿ ಎರಡು ವಾರ ಸತತ ಆ ಗೆರೆ ದಾಟಿದರೆ ಮತ್ತೆ ಅಡುಗೆಮನೆಯ ತಕ್ಕಡಿ ಹೊರತೆಗೆದು ಎರಡು ವಾರ ಅಳೆದು ಬರೆಯಿರಿ. ಎರಡು ಕಿಲೋ ಇಳಿಸಲು ಎರಡು ಮೂರು ತಿಂಗಳು ಸಾಕು, ಹತ್ತಾಗುವವರೆಗೆ ಕಾದರೆ ವರ್ಷಗಳೇ ಬೇಕು.